ಚಂದ್ರನ ಕುಳಿಗಳನ್ನು ನೋಡಿ ತಿಳಿಯುವ ಕ್ರಮ: ತಿಥಿ, ನೆರಳು ಮತ್ತು ಒಂದು ಸಣ್ಣ ದೂರದರ್ಶಕ

ಚಂದ್ರನನ್ನು ನೋಡಲು ಹುಣ್ಣಿಮೆಯೇ ತಕ್ಕ ದಿನವೆಂಬ ನಂಬಿಕೆ ವ್ಯಾಪಕವಾಗಿದೆ. ಕುಳಿಗಳ ಮಟ್ಟಿಗೆ ಅದು ನಿಜವಲ್ಲ. ಹುಣ್ಣಿಮೆಯ ರಾತ್ರಿ ಸೂರ್ಯನ ಬೆಳಕು ನಮ್ಮ ಬೆನ್ನ ಹಿಂದಿನಿಂದ ಬಂದು ಚಂದ್ರನ ಮೇಲೆ ಬೀಳುವುದರಿಂದ ಅಲ್ಲಿನ ನೆರಳುಗಳೆಲ್ಲ ನಮ್ಮ ಕಣ್ಣಿಗೆ ಮರೆಯಾಗುತ್ತವೆ. ನೆರಳಿಲ್ಲದೆ ತಗ್ಗು ಯಾವುದು, ದಿಬ್ಬ ಯಾವುದು ಎಂದು ತಿಳಿಯುವುದಿಲ್ಲ. ಕುಳಿಯೊಂದು ಪೂರ್ಣವಾಗಿ ಕಾಣಿಸುವುದು ಅದರ ಮೇಲೆ ಸೂರ್ಯ ಹುಟ್ಟುತ್ತಿರುವಾಗ ಅಥವಾ ಮುಳುಗುತ್ತಿರುವಾಗ, ಅಂದರೆ ಬೆಳಕು ಮತ್ತು ಕತ್ತಲೆಯ ಗಡಿರೇಖೆ ಅದರ ಸಮೀಪದಲ್ಲಿ ಹಾದುಹೋಗುವಾಗ. ಆ ಗಡಿರೇಖೆ ಯಾವ ಸಂಜೆ ಎಲ್ಲಿರುತ್ತದೆ ಎಂಬುದನ್ನು ಮನೆಯ ಗೋಡೆಗೆ ತೂಗುಹಾಕಿದ ಕ್ಯಾಲೆಂಡರಿನಿಂದಲೇ ಲೆಕ್ಕ ಹಾಕಬಹುದು. ಈ ಮಾರ್ಗದರ್ಶಿ ಆ ಲೆಕ್ಕದಿಂದ ತೊಡಗಿ, ಕುಳಿಯ ಅಂಗಗಳನ್ನು ಗುರುತಿಸುವುದು, ಅದರ ಆಳವನ್ನು ಅಳೆಯುವುದು, ಎರಡು ಕುಳಿಗಳಲ್ಲಿ ಯಾವುದು ಹಳೆಯದೆಂದು ನಿರ್ಣಯಿಸುವುದು ಇವುಗಳವರೆಗೆ ಸಾಗುತ್ತದೆ. ಕಾಸರಗೋಡು, ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಯ ಓದುಗರನ್ನು ಗಮನದಲ್ಲಿಟ್ಟು ಇದನ್ನು ಬರೆದಿರುವುದರಿಂದ, ಸುಮಾರು 12.5 ಡಿಗ್ರಿ ಉತ್ತರ ಅಕ್ಷಾಂಶದ ಆಕಾಶಕ್ಕೆ ಹೊಂದುವ ಕೆಲವು ಸೂಚನೆಗಳು ಇಲ್ಲಿವೆ. ಯುರೋಪಿನಲ್ಲಿ ಬರೆದ ಕೈಪಿಡಿಗಳಲ್ಲಿ ಅವು ಸಾಮಾನ್ಯವಾಗಿ ಸಿಗುವುದಿಲ್ಲ.

ಮೊದಲ ಹೆಜ್ಜೆ: ಕುಳಿ ಹೇಗೆ ಉಂಟಾಗುತ್ತದೆಂದು ತಿಳಿಯುವುದು

ಚಂದ್ರನ ಕುಳಿಗಳು ಆರಿಹೋದ ಜ್ವಾಲಾಮುಖಿಗಳ ಬಾಯಿಗಳೆಂಬ ಅಭಿಪ್ರಾಯ ಇಪ್ಪತ್ತನೆಯ ಶತಮಾನದ ನಡುಭಾಗದವರೆಗೂ ಬಲವಾಗಿತ್ತು. ಅಮೆರಿಕದ ಭೂವಿಜ್ಞಾನಿ ಗ್ರೋವ್ ಕಾರ್ಲ್ ಗಿಲ್ಬರ್ಟ್ 1890ರ ದಶಕದಲ್ಲೇ ಅವು ಅಪ್ಪಳಿಕೆಯಿಂದಾದವು ಎಂದು ವಾದಿಸಿದ್ದರೂ, ಬೇರೆ ಬೇರೆ ಕೋನಗಳಲ್ಲಿ ಬಂದು ಬಿದ್ದ ಕಲ್ಲುಗಳು ಎಲ್ಲ ಕಡೆಯೂ ದುಂಡಗಿನ ಗುಂಡಿಗಳನ್ನೇ ಏಕೆ ಮಾಡಿದವು ಎಂಬ ಪ್ರಶ್ನೆಗೆ ಆಗ ಸಮಾಧಾನಕರ ಉತ್ತರವಿರಲಿಲ್ಲ. ಉತ್ತರ ವೇಗದಲ್ಲಿದೆ. ಕ್ಷುದ್ರಗ್ರಹದ ತುಂಡು ಸೆಕೆಂಡಿಗೆ ಹದಿನೈದರಿಂದ ಇಪ್ಪತ್ತು ಕಿಲೋಮೀಟರ್ ವೇಗದಲ್ಲಿ ಬಂದು ಬಡಿದಾಗ ಅದು ನೆಲವನ್ನು ಅಗೆಯುವುದಿಲ್ಲ. ಅದರ ಚಲನಶಕ್ತಿಯೆಲ್ಲ ಕ್ಷಣಮಾತ್ರದಲ್ಲಿ ಆಘಾತದ ಅಲೆಯಾಗಿ ಮತ್ತು ಶಾಖವಾಗಿ ಮಾರ್ಪಟ್ಟು, ಬಡಿದ ಬಿಂದುವಿನಿಂದ ಎಲ್ಲ ದಿಕ್ಕಿಗೂ ಸಮವಾಗಿ ಸ್ಫೋಟಿಸುತ್ತದೆ. ಆದ್ದರಿಂದ ಓರೆಯಾಗಿ ಬಂದ ಕಲ್ಲೂ ವೃತ್ತಾಕಾರದ ಕುಳಿಯನ್ನೇ ಮಾಡುತ್ತದೆ. ನೆಲಕ್ಕೆ ಸುಮಾರು 15 ಡಿಗ್ರಿಗಿಂತಲೂ ಕಡಿಮೆ ಕೋನದಲ್ಲಿ ಸವರಿಕೊಂಡು ಬಂದಾಗ ಮಾತ್ರ ಕುಳಿಯ ಆಕಾರ ಉದ್ದವಾಗುತ್ತದೆ. 1960ರಲ್ಲಿ ಯೂಜೀನ್ ಶೂಮೇಕರ್ ಮತ್ತು ಜೊತೆಗಾರರು ಅರಿಜೋನದ ಕುಳಿಯಲ್ಲಿ ಕೋಯೆಸೈಟ್ ಎಂಬ, ಭಾರೀ ಒತ್ತಡದಲ್ಲಷ್ಟೇ ರೂಪುಗೊಳ್ಳುವ ಸಿಲಿಕ ಖನಿಜವನ್ನು ತೋರಿಸಿಕೊಟ್ಟ ಮೇಲೆ, ಹಾಗೂ ಅಪೊಲೊ ಯಾತ್ರಿಗಳು 1969ರಿಂದ 1972ರವರೆಗೆ ಸುಮಾರು 382 ಕಿಲೋಗ್ರಾಂ ಕಲ್ಲುಮಣ್ಣನ್ನು ತಂದ ಮೇಲೆ ಈ ಚರ್ಚೆ ಮುಗಿಯಿತು.

ಅಪ್ಪಳಿಕೆಯ ಕೆಲಸ ಮೂರು ಹಂತಗಳಲ್ಲಿ ನಡೆಯುತ್ತದೆ. ಮೊದಲು ಬಂದ ವಸ್ತುವೂ ನೆಲವೂ ಒತ್ತಲ್ಪಟ್ಟು, ಆ ವಸ್ತು ಬಹುಮಟ್ಟಿಗೆ ಕರಗಿ ಆವಿಯಾಗುತ್ತದೆ. ನಂತರ ನೆಲದ ಕಲ್ಲು ಹೊರಕ್ಕೆ ಚಿಮ್ಮಿ, ಬಂದ ವಸ್ತುವಿಗಿಂತ ಹತ್ತರಿಂದ ಇಪ್ಪತ್ತು ಪಟ್ಟು ಅಗಲದ ಬಟ್ಟಲು ತೋಡಲ್ಪಡುತ್ತದೆ. ಕೊನೆಗೆ ಆ ಬಟ್ಟಲು ತನ್ನದೇ ಭಾರಕ್ಕೆ ಕುಸಿದು ಸ್ಥಿರರೂಪಕ್ಕೆ ಬರುತ್ತದೆ. ಈ ಮೂರನೆಯ ಹಂತದಲ್ಲಿ ಎಷ್ಟು ಕುಸಿತ ಉಂಟಾಯಿತು ಎಂಬುದೇ ನಾವು ದೂರದರ್ಶಕದಲ್ಲಿ ನೋಡುವ ವೈವಿಧ್ಯಕ್ಕೆ ಕಾರಣ. ಸುಮಾರು 15 ಕಿ.ಮೀ.ಗಿಂತ ಸಣ್ಣ ಕುಳಿಗಳು ಸರಳ ಬಟ್ಟಲುಗಳಾಗಿಯೇ ಉಳಿಯುತ್ತವೆ, ಅವುಗಳ ಆಳ ವ್ಯಾಸದ ಐದನೆಯ ಒಂದು ಭಾಗದಷ್ಟಿರುತ್ತದೆ. ಅದಕ್ಕಿಂತ ದೊಡ್ಡವುಗಳಲ್ಲಿ ಒಳಗೋಡೆ ಹಂತಹಂತವಾಗಿ ಜಾರಿ ಮೆಟ್ಟಿಲುಗಳಾಗುತ್ತದೆ, ತಳ ಚಪ್ಪಟೆಯಾಗುತ್ತದೆ, ಒತ್ತಡ ಕಳೆದುಕೊಂಡ ಆಳದ ಶಿಲೆ ನಡುವೆ ಮೇಲೆದ್ದು ಶಿಖರವಾಗಿ ನಿಲ್ಲುತ್ತದೆ. ಇನ್ನೂ ದೊಡ್ಡ ಅಪ್ಪಳಿಕೆಗಳಲ್ಲಿ ಶಿಖರದ ಬದಲು ಉಂಗುರಗಳೇ ಏಳುತ್ತವೆ; ಚಂದ್ರನ ಪಶ್ಚಿಮದ ಅಂಚಿನಾಚೆ ಇರುವ ಸುಮಾರು 930 ಕಿ.ಮೀ. ಅಗಲದ ಓರಿಯೆಂಟಲೆ ಇದಕ್ಕೆ ಒಳ್ಳೆಯ ಉದಾಹರಣೆ. ಭೂಮಿಯಲ್ಲಿ ಸರಳ ಬಟ್ಟಲು ಸಂಕೀರ್ಣ ಕುಳಿಯಾಗಿ ಮಾರ್ಪಡುವ ಮಿತಿ ಎರಡರಿಂದ ನಾಲ್ಕು ಕಿಲೋಮೀಟರಿನಷ್ಟೇ, ಏಕೆಂದರೆ ಇಲ್ಲಿನ ಗುರುತ್ವ ಚಂದ್ರನದಕ್ಕಿಂತ ಆರು ಪಟ್ಟು ಹೆಚ್ಚು.

ಮಕ್ಕಳಿಗೆ ತೋರಿಸಬೇಕೆಂದಿದ್ದರೆ ಅಗಲವಾದ ತಟ್ಟೆಯಲ್ಲಿ ಎರಡು ಬೆರಳು ದಪ್ಪಕ್ಕೆ ಅಕ್ಕಿಹಿಟ್ಟು ಹರಡಿ, ಮೇಲೆ ಜರಡಿ ಹಿಡಿದ ಮುರಕಲ್ಲಿನ ಕೆಂಪು ಪುಡಿಯನ್ನು ತೆಳುವಾಗಿ ಉದುರಿಸಿ, ಎದೆಯೆತ್ತರದಿಂದ ಗೋಲಿಯೊಂದನ್ನು ಬಿಡಬೇಕು. ಒಳಗಿನ ಬಿಳಿ ಹಿಟ್ಟು ಕೆಂಪಿನ ಮೇಲೆ ಎರಚಿಕೊಂಡು ಕಿರಣಗಳಂತೆ ಹರಡುತ್ತದೆ. ಬಳಿಕ ದೀಪ ಆರಿಸಿ ಟಾರ್ಚನ್ನು ತಟ್ಟೆಯ ಮಟ್ಟಕ್ಕೆ ಇಳಿಸಿ ಬದಿಯಿಂದ ಬೆಳಕು ಹಾಯಿಸಿದರೆ, ಗುಂಡಿಯ ಅಂಚು ಎದ್ದು ಕಾಣುವುದನ್ನೂ, ಟಾರ್ಚನ್ನು ಮೇಲಿಂದ ಹಿಡಿದಾಗ ಅದೇ ಅಂಚು ಅಳಿಸಿಹೋಗುವುದನ್ನೂ ಹೋಲಿಸಬಹುದು. ಗೋಲಿಯ ವೇಗ ತೀರ ಕಡಿಮೆಯಾದ್ದರಿಂದ ಇಲ್ಲಿ ಕರಗುವುದಾಗಲಿ ಸ್ಫೋಟವಾಗಲಿ ಇರುವುದಿಲ್ಲ. ಬೆಳಕಿನ ಪಾಠಕ್ಕೆ ಮಾತ್ರ ಈ ಪ್ರಯೋಗವನ್ನು ನೆಚ್ಚಬೇಕು.

ಎರಡನೆಯ ಹೆಜ್ಜೆ: ತಿಥಿಯಿಂದ ಗಡಿರೇಖೆಯನ್ನು ಕಂಡುಹಿಡಿಯುವುದು

ತಿಥಿಯೆಂದರೆ ಸೂರ್ಯ ಮತ್ತು ಚಂದ್ರರ ನಡುವಿನ ಅಂತರ 12 ಡಿಗ್ರಿಯಷ್ಟು ಹೆಚ್ಚಲು ಬೇಕಾಗುವ ಕಾಲ. ಚಂದ್ರನ ಮೇಲಿನ ಗಡಿರೇಖೆಯೂ ದಿನಕ್ಕೆ ಸುಮಾರು 12.2 ಡಿಗ್ರಿ ಸರಿಯುತ್ತದೆ. ಎರಡೂ ಒಂದೇ ಜ್ಯಾಮಿತಿಯ ಎರಡು ಮುಖಗಳಾದ್ದರಿಂದ ಪಂಚಾಂಗವೇ ಇಲ್ಲಿ ವೀಕ್ಷಣೆಯ ವೇಳಾಪಟ್ಟಿಯಾಗುತ್ತದೆ. ನಮ್ಮ ಕಡೆ ತಿಂಗಳೆಣಿಕೆ ಸಂಕ್ರಮಣದಿಂದ ಸಂಕ್ರಮಣಕ್ಕೆ, ಸೌರಮಾನದಲ್ಲಿ ನಡೆಯುತ್ತದಾದರೂ, ಏಕಾದಶಿ, ಷಷ್ಠಿಗಳ ಸಲುವಾಗಿ ತಿಥಿಯನ್ನು ಯಾವ ಕ್ಯಾಲೆಂಡರೂ ಬಿಡುವುದಿಲ್ಲ.

ಲೆಕ್ಕ ಹೀಗಿದೆ. ಅಮಾವಾಸ್ಯೆ ಮುಗಿದ ಮೇಲೆ ಕಳೆದ ತಿಥಿಗಳ ಸಂಖ್ಯೆಯನ್ನು 12ರಿಂದ ಗುಣಿಸಿ, ಬಂದುದನ್ನು 90ರಿಂದ ಕಳೆಯಬೇಕು. ಉಳಿದದ್ದು ಗಡಿರೇಖೆ ಇರುವ ಚಂದ್ರನ ರೇಖಾಂಶ. ಧನವಾಗಿದ್ದರೆ ಪೂರ್ವ, ಋಣವಾಗಿದ್ದರೆ ಪಶ್ಚಿಮ. ಸಂಜೆ ಏಳು ಗಂಟೆಗೆ ಷಷ್ಠಿಯ ಅರ್ಧಭಾಗ ಕಳೆದಿದೆ ಎಂದಿಟ್ಟುಕೊಂಡರೆ 5.5 × 12 = 66, ಆದ್ದರಿಂದ ಗಡಿರೇಖೆ 24 ಡಿಗ್ರಿ ಪೂರ್ವದ ಹತ್ತಿರವಿರುತ್ತದೆ. ಕ್ಯಾಲೆಂಡರಿನಲ್ಲಿ ಅಚ್ಚಾಗಿರುವುದು ಸೂರ್ಯೋದಯದ ತಿಥಿ ಎಂಬುದನ್ನು ಮರೆಯಬಾರದು. ಅದು ಮಧ್ಯಾಹ್ನವೇ ಮುಗಿದಿದ್ದರೆ ಸಂಜೆಗೆ ಮುಂದಿನ ತಿಥಿ ಬಂದಿರುತ್ತದೆ, ಹಾಗಾಗಿ ತಿಥಿ ಮುಗಿಯುವ ಗಂಟೆಯನ್ನೂ ನೋಡಬೇಕು. ಚಂದ್ರ ನಮ್ಮ ಕಣ್ಣಿಗೆ ಎಡಬಲಕ್ಕೆ ಸ್ವಲ್ಪ ತೂಗಾಡುವುದರಿಂದ ಈ ಲೆಕ್ಕದಲ್ಲಿ ಹೆಚ್ಚೆಂದರೆ 8 ಡಿಗ್ರಿಯವರೆಗೆ ವ್ಯತ್ಯಾಸ ಬರಬಹುದು. ಆ ತೂಗಾಟದಿಂದಲೇ ನಾವು ಕಾಲಾಂತರದಲ್ಲಿ ಚಂದ್ರನ ಅರ್ಧವನ್ನಲ್ಲ, ಶೇಕಡಾ 59 ಭಾಗವನ್ನು ನೋಡುತ್ತೇವೆ.

ಕೃಷ್ಣಪಕ್ಷಕ್ಕೂ ಇದೇ ಲೆಕ್ಕ ಸಲ್ಲುತ್ತದೆ, ಹುಣ್ಣಿಮೆಯಿಂದ ಎಣಿಸಿದರಾಯಿತು. ಶುಕ್ಲ ಷಷ್ಠಿಯಂದು ಸೂರ್ಯೋದಯ ಕಂಡ ಕುಳಿಗೆ ಕೃಷ್ಣ ಷಷ್ಠಿಯಂದು ಸೂರ್ಯಾಸ್ತ. ನೆರಳು ಆಗ ಎದುರು ದಿಕ್ಕಿಗೆ ಬೀಳುತ್ತದೆ. ಒಂದೇ ಕುಳಿಯನ್ನು ಈ ಎರಡೂ ಬೆಳಕುಗಳಲ್ಲಿ ನೋಡದವರಿಗೆ ಅದರ ಅರ್ಧದಷ್ಟೇ ಪರಿಚಯವಾಗಿರುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಮೂರನೆಯ ಹೆಜ್ಜೆ: ಉಪಕರಣ, ಜಾಗ, ಹವೆ

ಉಪಕರಣದ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಸ್ಟ್ಯಾಂಡಿಗೆ ಬಿಗಿದ 10×50 ಬೈನಾಕ್ಯುಲರಿನಲ್ಲೇ ಕೋಪರ್ನಿಕಸ್, ಟೈಕೊ, ಪ್ಲೇಟೊ ಮುಂತಾದ ದೊಡ್ಡ ಕುಳಿಗಳು ಕಾಣುತ್ತವೆ. 70 ಮಿ.ಮೀ. ಮಸೂರದ, 900 ಮಿ.ಮೀ. ನಾಭಿದೂರದ ದೂರದರ್ಶಕಕ್ಕೆ 25 ಮಿ.ಮೀ. ಐಪೀಸ್ (ಕಣ್ಣಿಟ್ಟು ನೋಡುವ ತುದಿಯ ಮಸೂರ) ಹಾಕಿದರೆ 36 ಪಟ್ಟು, 10 ಮಿ.ಮೀ. ಹಾಕಿದರೆ 90 ಪಟ್ಟು ದೊಡ್ಡದಾಗಿ ಕಾಣುತ್ತದೆ, ಇವೆರಡೇ ಸಾಕು. ಚಂದ್ರನ ದೂರದಲ್ಲಿ ಒಂದು ಆರ್ಕ್‌ಸೆಕೆಂಡ್, ಅಂದರೆ ಒಂದು ಡಿಗ್ರಿಯ 3,600ನೆಯ ಒಂದು ಭಾಗ, ಸುಮಾರು 1.9 ಕಿ.ಮೀ.ಗೆ ಸಮ. ಬಿಡಿಸಿ ತೋರಿಸಬಲ್ಲ ಅತಿ ಸಣ್ಣ ವಿವರದಲ್ಲಿ 70 ಮಿ.ಮೀ. ಮಸೂರದ ಮಿತಿ ಮೂರು ಕಿಲೋಮೀಟರಿನ ಆಸುಪಾಸು, 114 ಮಿ.ಮೀ. ಕನ್ನಡಿಯದು ಎರಡರ ಆಸುಪಾಸು. ಡಬ್ಬದ ಮೇಲೆ ಅಚ್ಚಾದ 500 ಪಟ್ಟು, 600 ಪಟ್ಟು ಎಂಬ ಮಾತುಗಳನ್ನು ನಂಬಬಾರದು. ಪೇಟೆಯ ಬೀದಿದೀಪಗಳಿಂದ ಚಂದ್ರವೀಕ್ಷಣೆಗೆ ಯಾವ ತೊಂದರೆಯೂ ಇಲ್ಲ. ಕಣ್ಣು ಕೋರೈಸದಂತೆ ಜಗಲಿಯ ದೀಪವನ್ನು ಉರಿಸಿಟ್ಟುಕೊಳ್ಳುವುದು ಒಳ್ಳೆಯದೇ.

ಜಾಗದ ಆಯ್ಕೆಯಲ್ಲಿ ಮಾತ್ರ ಎಚ್ಚರ ಬೇಕು. ಅಡಿಕೆ ಒಣಗಿಸುವ ಅಂಗಳ ಸಮತಟ್ಟಾಗಿ, ನಾಲ್ಕೂ ಕಡೆ ತೆರೆದುಕೊಂಡಿರುವುದರಿಂದ ಅತ್ಯಂತ ಅನುಕೂಲವೆಂದು ತೋರುತ್ತದೆ, ಆದರೆ ದಿನವಿಡೀ ಬಿಸಿಲುಂಡ ಸಿಮೆಂಟು ನೆಲವೂ ಪದವಿನ ಮುರಕಲ್ಲೂ ರಾತ್ರಿ ಎಂಟೊಂಬತ್ತು ಗಂಟೆಯವರೆಗೆ ಬಿಸಿಯನ್ನು ಬಿಡುತ್ತಲೇ ಇರುತ್ತವೆ. ಆ ಬಿಸಿಗಾಳಿ ಮೇಲೇಳುವಾಗ ಕುಳಿಗಳ ಅಂಚು ನೀರೊಳಗೆ ನೋಡಿದಂತೆ ನಡುಗುತ್ತದೆ. ಹುಲ್ಲಿರುವ ಹಿತ್ತಿಲು ಅಥವಾ ತೋಟದ ಬದಿಯ ಮಣ್ಣುನೆಲ ಇದಕ್ಕಿಂತ ಮೇಲು. ದೂರದರ್ಶಕವನ್ನು ಅರ್ಧ ಗಂಟೆ ಮೊದಲೇ ಹೊರಗಿಟ್ಟು ಹೊರಗಿನ ಉಷ್ಣತೆಗೆ ಬರಲು ಬಿಡಬೇಕು. ನವೆಂಬರ್ ಕೊನೆಯಿಂದ ಮಾರ್ಚ್‌ವರೆಗೆ ನಮ್ಮಲ್ಲಿ ಆಕಾಶ ತಿಳಿಯಾಗಿರುತ್ತದೆ. ತುಲಾಮಾಸದ ಸಂಜೆಗಳನ್ನು ಗುಡುಗು ಮಳೆ ಕೆಡಿಸುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ ದೂರದರ್ಶಕವನ್ನು ಒಳಗಿಡುವುದೇ ಸರಿ. ಒಳಗಿಡುವಾಗ ಮಸೂರಕ್ಕೆ ಬೂಸು ಹಿಡಿಯದಂತೆ ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡಬೇಕು, ಪೊಟ್ಟಣಗಳನ್ನು ಆಗಾಗ ಬದಲಿಸಬೇಕು.

ನಾಲ್ಕನೆಯ ಹೆಜ್ಜೆ: ನಕ್ಷೆಯನ್ನು ತಿರುಗಿಸುವುದು

ಅಚ್ಚಾದ ಚಂದ್ರನಕ್ಷೆಗಳಲ್ಲಿ ಉತ್ತರ ಮೇಲಿರುತ್ತದೆ. ಸಮಭಾಜಕ ವೃತ್ತಕ್ಕೆ ಸಮೀಪವಿರುವ ನಮಗೆ ಸಂಜೆಯ ಎಳೆಚಂದ್ರ ದೋಣಿಯಂತೆ, ಎರಡೂ ಕೊಂಬು ಮೇಲಾಗಿ ಕಾಣುತ್ತದೆ; ಪಶ್ಚಿಮಕ್ಕೆ ಮುಖ ಮಾಡಿ ನಿಂತಾಗ ಚಂದ್ರನ ಉತ್ತರ ನಮ್ಮ ಬಲಗಡೆಗಿರುತ್ತದೆ, ಬೆಳಗಿದ ಅಂಚು ಕೆಳಗಿರುತ್ತದೆ. ಆದ್ದರಿಂದ ನಕ್ಷೆಯ ಮೇಲ್ತುದಿ ಬಲಕ್ಕೆ ಬರುವಂತೆ ಅದನ್ನು ತಿರುಗಿಸಿ ಹಿಡಿಯಬೇಕು. ಪೂರ್ವದಲ್ಲಿ ಹುಟ್ಟಿಬರುವ ಕೃಷ್ಣಪಕ್ಷದ ಚಂದ್ರನಿಗೆ ಮೇಲ್ತುದಿ ಎಡಕ್ಕೆ. ಕನ್ನಡಿಯ ದೂರದರ್ಶಕವಾದರೆ ಇದನ್ನು ಮತ್ತೆ ತಲೆಕೆಳಗು ಮಾಡಬೇಕು. ಮಸೂರದ ದೂರದರ್ಶಕಕ್ಕೆ ಬಾಗಿದ ಕನ್ನಡಿಕೊಳವೆ ಜೋಡಿಸಿದ್ದರೆ ಎಡಬಲಗಳು ಅದಲುಬದಲಾಗುತ್ತವೆ. 1961ರ ನಂತರದ ನಕ್ಷೆಗಳಲ್ಲಿ ಪೂರ್ವವೆಂದರೆ ಚಂದ್ರನ ಮೇಲೆ ನಿಂತವನಿಗೆ ಸೂರ್ಯ ಹುಟ್ಟುವ ದಿಕ್ಕು, ಅಂದರೆ ಕ್ರಿಸಿಯಂ ಎಂಬ ದುಂಡು ಕಪ್ಪು ಬಯಲಿರುವ ಬದಿ.

ಈ ದಿಕ್ಕಿನಿಂದ ಇನ್ನೊಂದು ವಿಚಿತ್ರ ಪರಿಣಾಮವಿದೆ. ಸಂಜೆಯ ಪಶ್ಚಿಮಾಕಾಶದಲ್ಲಿ ಚಂದ್ರನ ಮೇಲೆ ಬೆಳಕು ಕೆಳಗಿನಿಂದ ಬೀಳುತ್ತದೆ, ಮನುಷ್ಯನ ಕಣ್ಣು ಮಾತ್ರ ಬೆಳಕು ಮೇಲಿನಿಂದಲೇ ಬರುತ್ತದೆಂದು ಎಣಿಸುತ್ತದೆ. ಹಾಗಾಗಿ ಮೊಬೈಲಿನಲ್ಲಿ ತೆಗೆದ ಚಿತ್ರದಲ್ಲಿ ಕುಳಿಗಳೆಲ್ಲ ಉಬ್ಬಿದ ಗುಳ್ಳೆಗಳಂತೆ ಕಾಣಿಸಬಹುದು. ಚಿತ್ರವನ್ನು ಬುಡಮೇಲಾಗಿ ತಿರುಗಿಸಿದರೆ ಅವು ತಕ್ಷಣ ತಗ್ಗಾಗುತ್ತವೆ.

ಐದನೆಯ ಹೆಜ್ಜೆ: ತಿಥಿಗೊಂದು ಕುಳಿ

ತದಿಗೆಯ ಸಂಜೆ 61 ಡಿಗ್ರಿ ಪೂರ್ವದ ಲ್ಯಾಂಗ್ರೆನಸ್, ಅದರ ದಕ್ಷಿಣಕ್ಕೆ ಪೆಟೇವಿಯಸ್ ಕಾಣುತ್ತವೆ. 132 ಕಿ.ಮೀ. ಅಗಲದ ಲ್ಯಾಂಗ್ರೆನಸ್ ವಾಸ್ತವದಲ್ಲಿ ದುಂಡಗಿದ್ದರೂ ಅಂಚಿಗೆ ಸಮೀಪವಿರುವುದರಿಂದ ಮೊಟ್ಟೆಯಾಕಾರದಲ್ಲಿ ಕಾಣುತ್ತದೆ. ಇದನ್ನು ಚೌತಿಯಂದು ಕಾಣುವ ಮೆಸಿಯರ್ ಜೋಡಿಯ ಜೊತೆ ಗೊಂದಲ ಮಾಡಿಕೊಳ್ಳಬಾರದು: ಹತ್ತು ಕಿಲೋಮೀಟರಿನಷ್ಟಿರುವ ಮೆಸಿಯರ್ ನಿಜವಾಗಿಯೇ ಉದ್ದನೆಯ ಕುಳಿ, ನೆಲವನ್ನು ಸವರಿಕೊಂಡು ಬಂದ ಕಲ್ಲು ಮಾಡಿದ ಗಾಯ. ಅದರ ಜೊತೆಗಾರ ಕುಳಿಯಿಂದ ಪಶ್ಚಿಮಕ್ಕೆ ಎರಡು ಬಿಳಿಪಟ್ಟೆಗಳು ಧೂಮಕೇತುವಿನ ಬಾಲದಂತೆ ಚಾಚಿಕೊಂಡಿರುತ್ತವೆ.

ಪಂಚಮಿಯಂದು ಗಡಿರೇಖೆ 42ರಿಂದ 30 ಡಿಗ್ರಿ ಪೂರ್ವದ ನಡುವೆ ಇರುತ್ತದೆ. ಆರ್ಯಭಟನ ಹೆಸರಿನ 22 ಕಿ.ಮೀ. ಕುಳಿ ಇಲ್ಲಿದೆ, ಲಾವಾದಲ್ಲಿ ಬಹುಪಾಲು ಮುಳುಗಿ ಕಮಾನಿನಂತಹ ಒಂದು ತುಂಡು ದಂಡೆಯಷ್ಟೇ ಉಳಿದಿದೆ. ಇದೇ ಸಂಜೆ ದಕ್ಷಿಣದ ತುದಿಯತ್ತ ಹೋದರೆ 98 ಕಿ.ಮೀ. ಅಗಲದ ಮ್ಯಾಂಜೀನಸ್ ಸಿಗುತ್ತದೆ. ಚಂದ್ರಯಾನ–3 ಇಳಿದದ್ದು 2023ರ ಆಗಸ್ಟ್ 23ರಂದು ಇದೇ ನೆರೆಯಲ್ಲಿ, 69.37 ಡಿಗ್ರಿ ದಕ್ಷಿಣ ಮತ್ತು 32.3 ಡಿಗ್ರಿ ಪೂರ್ವದಲ್ಲಿ. ಆ ಜಾಗ ಕುಳಿಗಳ ಮೇಲೆ ಕುಳಿ ಬಿದ್ದು ಇಕ್ಕಟ್ಟಾಗಿರುವುದನ್ನು ಕಣ್ಣಾರೆ ಕಂಡರೆ ಇಳಿಯುವ ನೆಲದ ಆಯ್ಕೆ ಎಷ್ಟು ಕಷ್ಟದ್ದೆಂಬುದು ಅರ್ಥವಾಗುತ್ತದೆ.

ಷಷ್ಠಿಯ ಸಂಜೆ ಥಿಯೋಫಿಲಸ್‌ಗೆ ಮೀಸಲು. ಸುಬ್ರಹ್ಮಣ್ಯ ಷಷ್ಠಿ ಬರುವುದು ನವೆಂಬರ್–ಡಿಸೆಂಬರ್ ತಿಂಗಳಲ್ಲಿ, ನಮ್ಮ ಆಕಾಶ ತಿಳಿಯಾಗತೊಡಗುವ ಕಾಲದಲ್ಲಿ, ಎಂಬುದೊಂದು ಅನುಕೂಲ. ನೂರು ಕಿಲೋಮೀಟರ್ ಅಗಲದ ಈ ಕುಳಿಗೆ ಒಡೆದ ನಡುಶಿಖರಗಳ ಗುಂಪೂ, ಮೆಟ್ಟಿಲುಗಟ್ಟಿದ ಗೋಡೆಯೂ ಇವೆ. ಅದು ಪಕ್ಕದ ಸಿರಿಲಸ್ ಕುಳಿಯ ದಂಡೆಯನ್ನು ಕೊರೆದು ಒಳನುಗ್ಗಿದೆ. ಸಿರಿಲಸ್ಸಿನಾಚೆ ಕ್ಯಾಥರೀನ ಇನ್ನೂ ಸವೆದು ಮಾಸಿಹೋಗಿದೆ. ಮೂರೂ ಸರಿಸುಮಾರು ಒಂದೇ ಗಾತ್ರದವು, ಒಂದೇ ಸಾಲಿನವು, ಆದರೆ ಸವೆತದಲ್ಲಿ ಮೂರು ಮಟ್ಟದವು. ಹೊಸಬರಿಗೆ ವಯಸ್ಸಿನ ನಿರ್ಣಯ ಕಲಿಸಲು ಇದಕ್ಕಿಂತ ಒಳ್ಳೆಯ ಜಾಗ ಚಂದ್ರನ ಮೇಲಿಲ್ಲ.

ಸಪ್ತಮಿ ಮುಗಿಯುವ ಹೊತ್ತಿಗೆ ಹೈಜಿನಸ್ ಎಂಬ ಸಣ್ಣ ಗುಂಡಿಯನ್ನು ಹುಡುಕಬೇಕು. ಸುತ್ತ ಎತ್ತರಿಸಿದ ದಂಡೆಯಿಲ್ಲ, ಎರಡೂ ಬದಿಗೆ ಬಿರುಕು ಹರಿದಿದೆ. ಇದು ಅಪ್ಪಳಿಕೆಯದಲ್ಲ, ನೆಲ ಕುಸಿದು ಉಂಟಾದ ಜ್ವಾಲಾಮುಖಿ ಮೂಲದ ತಗ್ಗು. ಅಪ್ಪಳಿಕೆಯ ಕುಳಿಗೆ ಎತ್ತರದ ದಂಡೆ ಏಕೆ ಮುಖ್ಯ ಲಕ್ಷಣ ಎಂಬುದು ಇಂಥದೊಂದನ್ನು ನೋಡಿದಾಗಲೇ ಮನದಟ್ಟಾಗುತ್ತದೆ. ಅಷ್ಟಮಿಯಂದು ಚಂದ್ರನ ನಟ್ಟನಡುವೆ ಟಾಲೆಮಿಯಸ್, ಅಲ್ಫಾನ್ಸಸ್, ಆರ್ಜಾಕೆಲ್ ಉತ್ತರದಿಂದ ದಕ್ಷಿಣಕ್ಕೆ ಸಾಲಾಗಿ ನಿಲ್ಲುತ್ತವೆ. 153 ಕಿ.ಮೀ. ಅಗಲದ ಟಾಲೆಮಿಯಸ್ಸಿನ ತಳ ತುಂಬಿ ಚಪ್ಪಟೆಯಾಗಿದೆ, ಆರ್ಜಾಕೆಲ್ಲಿನ ಶಿಖರ ಹರಿತವಾಗಿದೆ. ವಯಸ್ಸಿನ ಕ್ರಮವೂ ಇದೇ.

ನವಮಿಯಂದು ದಕ್ಷಿಣದಲ್ಲಿ ಕ್ಲೇವಿಯಸ್ ಬೆಳಕಿಗೆ ಬರುತ್ತದೆ. 225 ಕಿ.ಮೀ.ಗೂ ಹೆಚ್ಚು ಅಗಲದ ಅದರ ತಳದಲ್ಲಿ ಐದಾರು ಕುಳಿಗಳು ದೊಡ್ಡದರಿಂದ ಸಣ್ಣದಕ್ಕೆ ಬಾಗಿದ ಸಾಲಾಗಿ ಇಳಿಯುತ್ತವೆ. ಆ ಸಾಲಿನ ಎಷ್ಟು ಕುಳಿಗಳು ಕಂಡವು ಎಂಬುದರಿಂದ ದೂರದರ್ಶಕದ ಮತ್ತು ಗಾಳಿಯ ಸ್ಥಿತಿಯನ್ನು ಅಂದಾಜಿಸಬಹುದು. ಉತ್ತರದಲ್ಲಿ ಇದೇ ಹೊತ್ತಿಗೆ ಲಾವಾ ತುಂಬಿ ಕಪ್ಪಾದ ಪ್ಲೇಟೊ, ನಡುವೆ ಎರಟೋಸ್ತನೀಸ್.

ದಶಮಿಯ ಕೋಪರ್ನಿಕಸ್ಸಿಗೆ ಒಂದು ಇಡೀ ಸಂಜೆಯನ್ನು ಕೊಡಬೇಕೆಂದು ನನ್ನ ಸಲಹೆ. 93 ಕಿ.ಮೀ. ವ್ಯಾಸ, ಸುಮಾರು 3.8 ಕಿ.ಮೀ. ಆಳ, ಎಂಬತ್ತು ಕೋಟಿ ವರ್ಷದಷ್ಟು ವಯಸ್ಸು. ಬೆಳಕು ತಲುಪಿದ ಮೊದಲ ಗಂಟೆಗಳಲ್ಲಿ ದಂಡೆ ಮಾತ್ರ ಉಂಗುರವಾಗಿ ಹೊಳೆಯುತ್ತದೆ, ತಳ ಮಸಿಗಪ್ಪು. ಗಡಿರೇಖೆ ಚಂದ್ರನ ಸಮಭಾಜಕದಲ್ಲಿ ಗಂಟೆಗೆ ಸುಮಾರು 15 ಕಿ.ಮೀ. ಸರಿಯುವುದರಿಂದ, ಒಂದೆರಡು ಗಂಟೆ ಕುಳಿತು ನೋಡಿದರೆ ಪಶ್ಚಿಮದ ಒಳಗೋಡೆಯ ಮೆಟ್ಟಿಲುಗಳು ಒಂದೊಂದಾಗಿ ಬೆಳಗುವುದನ್ನೂ, ನೆರಳಿನ ನಡುವಿನಿಂದ ಶಿಖರದ ತುದಿ ಚುಕ್ಕೆಯಾಗಿ ಹೊಳೆಯುವುದನ್ನೂ ಕಾಣಬಹುದು. 1609ರಲ್ಲಿ ಗೆಲಿಲಿಯೊ ಗಡಿರೇಖೆಯಾಚೆಯ ಕತ್ತಲಲ್ಲಿ ಇಂಥ ಚುಕ್ಕೆಗಳು ಬೆಳೆಯುತ್ತ ಹೋಗುವುದನ್ನು ಕಂಡೇ ಚಂದ್ರನಲ್ಲಿ ಬೆಟ್ಟಗಳಿವೆಯೆಂದು ತೀರ್ಮಾನಿಸಿದ. ದಂಡೆಯ ಹೊರಗೆ ನೋಡಿದರೆ ನೆಲ ನುಣುಪಾಗಿರದೆ ಗೆರೆಗೆರೆಯಾಗಿ ಹೊರಕ್ಕೆ ಹರಡಿದೆ. ಅದು ಕುಳಿಯಿಂದ ಎರಚಿಬಿದ್ದ ಕಲ್ಲುಮಣ್ಣಿನ ಪದರ. ಇನ್ನೂ ಆಚೆ, ಎರಟೋಸ್ತನೀಸಿನ ದಿಕ್ಕಿಗೆ, ಸ್ಟೇಡಿಯಸ್ ಎಂಬ ಮುಳುಗಿದ ಕುಳಿಯ ಮಸುಕು ವೃತ್ತದ ಸುತ್ತ ಸಣ್ಣ ಗುಂಡಿಗಳ ಸರಮಾಲೆಗಳಿವೆ. ಕೋಪರ್ನಿಕಸ್ಸಿನಿಂದ ಹಾರಿದ ದೊಡ್ಡ ತುಂಡುಗಳು ಬಿದ್ದು ಆದ ಮರಿಕುಳಿಗಳವು. 1966ರ ನವೆಂಬರಿನಲ್ಲಿ ಲೂನಾರ್ ಆರ್ಬಿಟರ್–2 ನೌಕೆ ಓರೆಯಾಗಿ ತೆಗೆದ ಕೋಪರ್ನಿಕಸ್ಸಿನ ಒಳಚಿತ್ರ ಆ ಕಾಲದ ಪತ್ರಿಕೆಗಳಲ್ಲಿ ಶತಮಾನದ ಚಿತ್ರವೆಂದು ಹೊಗಳಿಸಿಕೊಂಡಿತ್ತು. ದಶಮಿಯ ಸಂಜೆಯ ನೋಟಕ್ಕೂ ಅದರದೇ ಆದ ಬೆಲೆಯಿದೆ.

ಏಕಾದಶಿಗೆ ಕೆಪ್ಲರ್ ಮತ್ತು ತಳ ಬಿರಿದ ಗಸೆಂಡಿ, ದ್ವಾದಶಿಗೆ ಚಂದ್ರನ ಈ ಮುಖದಲ್ಲೇ ಅತ್ಯಂತ ಹೊಳಪಿನ ಅರಿಸ್ಟಾರ್ಕಸ್. ಅಲ್ಲಿಂದ ಅಷ್ಟೇನೂ ದೂರವಲ್ಲದ ಸರ್ ಸಿ.ವಿ. ರಾಮನ್ ಹೆಸರಿನ ಸಣ್ಣ ಕುಳಿ ತ್ರಯೋದಶಿಯ ಸುಮಾರಿಗೆ ಬೆಳಕಿಗೆ ಬರುತ್ತದೆ. ವಿಕ್ರಮ್ ಸಾರಾಭಾಯಿ ಹೆಸರಿನ ಎಂಟು ಕಿ.ಮೀ.ಗಳ ಬಟ್ಟಲುಕುಳಿ ಸೆರೆನಿಟಾಟಿಸ್ ಬಯಲಿನಲ್ಲಿದೆ, ಅದನ್ನು ಷಷ್ಠಿ–ಸಪ್ತಮಿಯಂದೇ ನೋಡಿರಬೇಕು. ಹೋಮಿ ಭಾಭಾ, ಜಗದೀಶಚಂದ್ರ ಬೋಸ್ ಹೆಸರಿನವು ಆಚೆಮುಖದಲ್ಲಿರುವುದರಿಂದ ನಮಗೆ ಕಾಣುವುದಿಲ್ಲ.

ಹುಣ್ಣಿಮೆಯನ್ನು ಪೂರ್ತಿ ಬಿಡಬೇಕಾಗಿಲ್ಲ. ಕಿರಣಪಟ್ಟೆಗಳನ್ನು ನೋಡಲು ಅದೇ ತಕ್ಕ ದಿನ. ದಕ್ಷಿಣದ ಟೈಕೊ 85 ಕಿ.ಮೀ. ಕುಳಿಯಷ್ಟೇ ಆದರೂ ಅದರ ಪಟ್ಟೆಗಳು 1,500 ಕಿ.ಮೀ.ಗೂ ಆಚೆ ಹರಿದಿವೆ. ಕ್ರಿಸಿಯಂ ಬಯಲಿನ ಪಕ್ಕದ ಪ್ರೋಕ್ಲಸ್ಸಿನ ಪಟ್ಟೆಗಳು ಒಂದು ಬದಿಗೆ ಇಲ್ಲವೇ ಇಲ್ಲ. ಕಲ್ಲು ಓರೆಯಾಗಿ ಬಂದುದರ ಗುರುತು ಅದು.

ಆರನೆಯ ಹೆಜ್ಜೆ: ನೆರಳಿನಿಂದ ಆಳವನ್ನು ಅಳೆಯುವುದು

ದಂಡೆಯ ನೆರಳಿನ ಉದ್ದವನ್ನು ಸೂರ್ಯನ ಎತ್ತರದ ಕೋನದ ಟ್ಯಾನ್ ಬೆಲೆಯಿಂದ ಗುಣಿಸಿದರೆ ದಂಡೆಯ ಎತ್ತರ ಸಿಗುತ್ತದೆ. ಹೈಸ್ಕೂಲಿನ ತ್ರಿಕೋನಮಿತಿ ಇದಕ್ಕೆ ಸಾಕು. ಸೂರ್ಯ 5 ಡಿಗ್ರಿ ಎತ್ತರದಲ್ಲಿದ್ದಾಗ ಒಂದು ಕಿಲೋಮೀಟರ್ ಎತ್ತರದ ದಂಡೆ 11 ಕಿ.ಮೀ.ಗೂ ಉದ್ದದ ನೆರಳು ಚೆಲ್ಲುತ್ತದೆ, 20 ಡಿಗ್ರಿಯಲ್ಲಿ ಅದು 3 ಕಿ.ಮೀ.ಗಿಂತ ಕಡಿಮೆ.

ಎರಟೋಸ್ತನೀಸನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅದು 14.5 ಡಿಗ್ರಿ ಉತ್ತರ, 11.3 ಡಿಗ್ರಿ ಪಶ್ಚಿಮದಲ್ಲಿದೆ, ವ್ಯಾಸ ಸುಮಾರು 59 ಕಿ.ಮೀ. ಚಿತ್ರ ತೆಗೆದಾಗ ಗಡಿರೇಖೆ 26 ಡಿಗ್ರಿ ಪಶ್ಚಿಮದಲ್ಲಿತ್ತು ಎಂದುಕೊಂಡರೆ ಕುಳಿಗೂ ಗಡಿರೇಖೆಗೂ ಅಂತರ 14.7 ಡಿಗ್ರಿ. ಈ ಅಂತರದ ಸೈನ್ ಬೆಲೆಯನ್ನು ಅಕ್ಷಾಂಶದ ಕೊಸೈನ್ ಬೆಲೆಯಿಂದ ಗುಣಿಸಿದರೆ ಸೂರ್ಯನ ಎತ್ತರದ ಸೈನ್ ಸಿಗುತ್ತದೆ: 0.254 × 0.968 = 0.246, ಅಂದರೆ 14.2 ಡಿಗ್ರಿ, ಅದರ ಟ್ಯಾನ್ 0.253. ಚಿತ್ರವನ್ನು ಮುದ್ರಿಸಿ ಸ್ಕೇಲಿನಿಂದ ಅಳೆದಾಗ ಪೂರ್ವದ ದಂಡೆಯ ನೆರಳು ವ್ಯಾಸದ ಕಾಲುಭಾಗಕ್ಕಿಂತ ಸ್ವಲ್ಪ ಕಡಿಮೆ, ಅಂದರೆ 14 ಕಿ.ಮೀ. ಬಂದರೆ, 14 × 0.253 ಸುಮಾರು 3.5 ಕಿ.ಮೀ. ಆಳವನ್ನು ಕೊಡುತ್ತದೆ. ನೆರಳನ್ನೂ ವ್ಯಾಸವನ್ನೂ ಪೂರ್ವ–ಪಶ್ಚಿಮದ ಒಂದೇ ಗೆರೆಯ ಮೇಲೆ ಅಳೆಯಬೇಕು. ಹಾಗೆ ಮಾಡಿದರೆ ಅಂಚಿನತ್ತ ಆಕಾರ ಸೊರಗುವುದರ ದೋಷ ತಾನಾಗಿ ಕಳೆದುಹೋಗುತ್ತದೆ. ಈ ಕೆಲಸಕ್ಕೆ ಮಾತ್ರ ತಿಥಿಯ ಲೆಕ್ಕ ಸಾಲದು. ಗಡಿರೇಖೆಯ ನಿಖರ ರೇಖಾಂಶವನ್ನು ತೋರಿಸುವ ಮೊಬೈಲ್ ಆ್ಯಪ್ ಬಳಸಬೇಕು, ಚಿತ್ರ ತೆಗೆದ ನಿಮಿಷವನ್ನೂ ಬರೆದಿಟ್ಟಿರಬೇಕು.

ಏಳನೆಯ ಹೆಜ್ಜೆ: ಯಾವುದು ಮೊದಲು, ಯಾವುದು ಆಮೇಲೆ

ಚಂದ್ರನಲ್ಲಿ ಗಾಳಿಮಳೆಗಳಿಲ್ಲದಿದ್ದರೂ ಕುಳಿಗಳು ಸವೆಯುತ್ತವೆ. ಸಣ್ಣ ಕಣಗಳ ನಿರಂತರ ಬಡಿತ ಅಂಚುಗಳನ್ನು ದುಂಡಗೆ ಮಾಡುತ್ತದೆ, ಸೂರ್ಯನಿಂದ ಬರುವ ಕಣಪ್ರವಾಹದ ಜೊತೆ ಸೇರಿ ಬಿಳಿ ಪಟ್ಟೆಗಳನ್ನು ಕಪ್ಪಾಗಿಸುತ್ತದೆ. ಆದ್ದರಿಂದ ಪಟ್ಟೆಗಳಿರುವ ಕೋಪರ್ನಿಕಸ್ ಹೊಸದು, ಆಕಾರ ಹರಿತವಾಗಿದ್ದರೂ ಪಟ್ಟೆ ಕಳೆದುಕೊಂಡ ಎರಟೋಸ್ತನೀಸ್ ಹಳೆಯದು. ಈ ಎರಡು ಕುಳಿಗಳ ಹೆಸರಿನಿಂದಲೇ ಚಂದ್ರನ ಭೂವೈಜ್ಞಾನಿಕ ಕಾಲಘಟ್ಟಗಳೆರಡನ್ನು ಕರೆಯುತ್ತಾರೆ. ಎರಡನೆಯ ನಿಯಮ, ಮೇಲೆ ಬಿದ್ದದ್ದು ಕೆಳಗಿನದಕ್ಕಿಂತ ಹೊಸದು. ಥಿಯೋಫಿಲಸ್ ಸಿರಿಲಸ್ಸನ್ನು ಕತ್ತರಿಸಿದ್ದು ಇದಕ್ಕೆ ಸರಳ ಉದಾಹರಣೆ. ಸ್ವಲ್ಪ ಕಠಿಣವಾದದ್ದು ಆರ್ಕಿಮಿಡೀಸ್: ಅದು ಇಂಬ್ರಿಯಂ ಎಂಬ ಮಹಾಬಟ್ಟಲಿನ ಒಳಗೆ ಕುಳಿತಿದೆ, ಆದರೆ ಅದರ ತಳದಲ್ಲೂ ಸುತ್ತಲೂ ಲಾವಾ ತುಂಬಿದೆ. ಇಂಬ್ರಿಯಂ ಉಂಟಾದ ಬಳಿಕ, ಲಾವಾ ಬರುವ ಮುನ್ನ ಆರ್ಕಿಮಿಡೀಸ್ ಬಿದ್ದಿತೆಂದರೆ ಮಹಾಬಟ್ಟಲಿಗೂ ಅದನ್ನು ತುಂಬಿದ ಲಾವಾಕ್ಕೂ ನಡುವೆ ದೀರ್ಘ ಕಾಲ ಕಳೆದಿರಬೇಕು. ದೂರದರ್ಶಕದಲ್ಲಿ ಕಂಡ ಆಕಾರವೊಂದರಿಂದ ಇಂಥ ತೀರ್ಮಾನಕ್ಕೆ ಬರಲು ಸಾಧ್ಯವಾಗುವುದು ಈ ಹವ್ಯಾಸದ ನಿಜವಾದ ಸುಖ. ಮೂರನೆಯದಾಗಿ ಎಣಿಕೆ: ಎರಡು ಬಯಲುಗಳಲ್ಲಿ ಒಂದೇ ವಿಸ್ತೀರ್ಣದೊಳಗೆ ಹೆಚ್ಚು ಸಣ್ಣ ಕುಳಿಗಳಿರುವುದು ಹೆಚ್ಚು ಹಳೆಯದು. ಎಣಿಸುವಾಗ ಸಾಲುಗಟ್ಟಿದ ಮರಿಕುಳಿಗಳನ್ನು ಬಿಡಬೇಕು, ಏಕೆಂದರೆ ಅವೆಲ್ಲ ಒಂದೇ ಕ್ಷಣದ ಸಂತಾನ.

ಎಂಟನೆಯ ಹೆಜ್ಜೆ: ದಾಖಲೆ, ಮತ್ತು ಮಳೆಗಾಲದ ಕೆಲಸ

ಒಂದು ಕುಳಿಗೆ ಅಂಗೈಯಗಲದ ವೃತ್ತ ಸಾಕು. ಮೊದಲು ದಂಡೆ, ಆಮೇಲೆ ನೆರಳಿನ ಅಂಚು, ಕೊನೆಗೆ ವಿವರ ಎಂಬ ಕ್ರಮದಲ್ಲಿ ಪೆನ್ಸಿಲಿನಿಂದ ಬರೆಯಬೇಕು, ಏಕೆಂದರೆ ಇಪ್ಪತ್ತು ನಿಮಿಷದೊಳಗೆ ನೆರಳು ಕದಲಿರುತ್ತದೆ. ದಿನಾಂಕ, ಗಂಟೆ, ತಿಥಿ, ಐಪೀಸ್, ಗಾಳಿ ಎಷ್ಟು ನಡುಗುತ್ತಿತ್ತು, ಉತ್ತರ ಯಾವ ಕಡೆಗಿತ್ತು ಇವಿಷ್ಟು ಬದಿಯಲ್ಲಿರಲಿ. ಮೊಬೈಲನ್ನು ಐಪೀಸಿಗೆ ಕ್ಲಿಪ್‌ನಿಂದ ಬಿಗಿದು ಒಂದು ನಿಮಿಷದ ವಿಡಿಯೊ ತೆಗೆದರೆ, ಚೆನ್ನಾಗಿ ಬಂದ ಚೌಕಟ್ಟುಗಳನ್ನು ಒಂದರ ಮೇಲೊಂದು ಪೇರಿಸುವ ಉಚಿತ ತಂತ್ರಾಂಶಗಳು ಸಿಗುತ್ತವೆ. ಆದರೂ ಕೈಯಿಂದ ಬರೆದವರು ನೋಡುವಷ್ಟನ್ನು ಕ್ಯಾಮೆರಾ ನಂಬಿದವರು ನೋಡುವುದಿಲ್ಲ.

ಆಟಿ–ಸೋಣ ತಿಂಗಳ ಮಳೆಯಲ್ಲಿ ಆ ಚಿತ್ರಗಳನ್ನು ನೌಕೆಗಳ ಚಿತ್ರಗಳ ಜೊತೆ ಹೋಲಿಸಬಹುದು. 2009ರಿಂದ ಚಂದ್ರನನ್ನು ಸುತ್ತುತ್ತಿರುವ ಅಮೆರಿಕದ ಎಲ್‌ಆರ್‌ಒ ನೌಕೆಯ ನಕ್ಷೆ ಅಂತರ್ಜಾಲದಲ್ಲಿ ಮುಕ್ತವಾಗಿದೆ, ಚಂದ್ರಯಾನ–2ರ ಕಾಲು ಮೀಟರ್ ವಿವರದ ಚಿತ್ರಗಳನ್ನು ಇಸ್ರೋದ ಪ್ರದಾನ್ ತಾಣದಲ್ಲಿ ನೋಂದಾಯಿಸಿಕೊಂಡು ಪಡೆಯಬಹುದು. ಸೊಲ್ಲಾಪುರ, ಅಕ್ಕಲಕೋಟೆ ಕಡೆಯ ಓದುಗರಿಗೆ ಇನ್ನೊಂದು ದಾರಿಯಿದೆ: ಬುಲ್ಢಾಣಾ ಜಿಲ್ಲೆಯ ಲೋಣಾರ್ ಕುಳಿ ಡೆಕ್ಕನ್ ಬಸಾಲ್ಟ್ ಶಿಲೆಯಲ್ಲಿ ಆದದ್ದು, ಚಂದ್ರನ ಕಪ್ಪು ಬಯಲುಗಳೂ ಬಸಾಲ್ಟಿನವೇ. ಅದರ ವ್ಯಾಸ ಸುಮಾರು 1.8 ಕಿ.ಮೀ.; ಸೆರೆನಿಟಾಟಿಸ್ ಬಯಲಿನ ಲಿನೆ ಎಂಬ ಸರಳ ಕುಳಿಯದು 2.2 ಕಿ.ಮೀ. ಲೋಣಾರಿನ ದಂಡೆಯ ಮೇಲೆ ನಡೆದು ಬಂದವರು ಸಪ್ತಮಿ–ಅಷ್ಟಮಿಯ ಸಂಜೆ 114 ಮಿ.ಮೀ. ಅಥವಾ ಅದಕ್ಕಿಂತ ದೊಡ್ಡ ದೂರದರ್ಶಕದಲ್ಲಿ ಲಿನೆಯನ್ನು ಹುಡುಕಲಿ. ಸಿಗುವುದು ಒಂದು ಬಿಳಿಯ ಚುಕ್ಕೆ, ಗಾಳಿ ನಿಶ್ಚಲವಾಗಿದ್ದರೆ ಅದರ ನಡುವೆ ಒಂದು ಕಪ್ಪು ಬಿಂದು.